ಕ್ಷಿಪಣಿ ಕಳಚಿದ ಕ್ಷಿಪಣಿ ನೌಕೆ

ಸಮುದ್ರದ ಮಾತಿರಲಿ, ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಕೋಲಾರದವನಿಗೆ ಯುದ್ಧನೌಕೆಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಆದರೆ ಸೆಕೆಂಡ್ ಹ್ಯಾಂಡ್ ವ್ಯವಹಾರದಲ್ಲಿ ನಮ್ಮವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಳೆಯ ಟ್ರ್ಯಾಕ್ಟರ್ ನೋಡಲು ಹೋದ ನಮ್ಮೂರ ದಲ್ಲಾಳಿ ಮೊದಲು ಆರ್‌ಸಿ ಪುಸ್ತಕ ಕೇಳುವುದಿಲ್ಲ. ಡಿಪ್‌ಸ್ಟಿಕ್ ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ, ಮೂಸಿ, ಪಂಚೆಯ ಅಂಚಿಗೆ ಒರೆಸಿಕೊಂಡು, ಆಮೇಲೆ ‘ಹೂಂ’ ಎನ್ನುತ್ತಾನೆ. ಆ ‘ಹೂಂ’ ಯಾವ ಧಾಟಿಯದು ಎಂಬುದರ ಮೇಲೆ ಹತ್ತಿಪ್ಪತ್ತು ಸಾವಿರ ಏರುತ್ತದೆ, ಇಲ್ಲವೇ ಇಳಿಯುತ್ತದೆ.

ಇಂಥವನ ಮುಂದೆ ‘ಮ್ಯಾಕಿನರ್ನಿ’ ಎಂಬ ಅಮೆರಿಕದ ಹಡಗಿನ ಸೇವಾ ಚರಿತ್ರೆಯನ್ನು ಬಿಚ್ಚಿಡಬೇಕೆಂಬುದು ನನ್ನ ಬಹುದಿನದ ಆಸೆ. 1979ರ ಡಿಸೆಂಬರ್ 15ರಂದು ಸೇವೆಗೆ ಸೇರಿದ ಈ ಹಡಗು ಆಲಿವರ್ ಹಜಾರ್ಡ್ ಪೆರ್ರಿ ವರ್ಗದ ಎರಡನೆಯ ಮಗು. ಅಮೆರಿಕವು ತನಗಾಗಿಯೇ ಇಂಥ 51 ಹಡಗುಗಳನ್ನು ಕಟ್ಟಿಸಿಕೊಂಡಿತು. ಮೂತಿಯ ಮೇಲೆ ಒಂಟಿ ತೋಳಿನ ಉಡಾವಣಾ ಯಂತ್ರ, ಅದರ ಕೆಳಗಿನ ಉಗ್ರಾಣದಲ್ಲಿ 40 ಕ್ಷಿಪಣಿಗಳು. ಇವುಗಳ ದೆಸೆಯಿಂದಲೇ ಅದಕ್ಕೆ ‘ಗೈಡೆಡ್ ಮಿಸೈಲ್ ಫ್ರಿಗೇಟ್’ ಎಂಬ ಬಿರುದು, ಎಫ್‌ಎಫ್‌ಜಿ-8 ಎಂಬ ಸಂಖ್ಯೆ. ‘ಜಿ’ ಎಂದರೆ ಗೈಡೆಡ್ ಮಿಸೈಲ್, ಅರ್ಥಾತ್ ಗುರಿಯತ್ತ ನಡೆಸಬಲ್ಲ ಕ್ಷಿಪಣಿ.

2003ರಿಂದೀಚೆಗೆ, ಈ ಕ್ಷಿಪಣಿಗಳು ಹಳತಾದವು, ಸಾಕುವ ಖರ್ಚು ಹೆಚ್ಚಾಯಿತು ಎಂದು ನೌಕಾಪಡೆಯವರು ಈ ವರ್ಗದ ಹಡಗುಗಳಿಂದ ತೋಳನ್ನೇ ಕಳಚಿ ತೆಗೆದರು. ಶತ್ರು ಹಡಗುಗಳನ್ನು ಹೊಡೆಯುವ ಹಾರ್ಪೂನ್ ಕ್ಷಿಪಣಿಯೂ ಅದೇ ತೋಳಿನಿಂದ ಹಾರಬೇಕಾಗಿದ್ದುದರಿಂದ ಅದೂ ಹೋಯಿತು. ಫಿರಂಗಿ, ಟಾರ್ಪಿಡೊ, ಹೆಲಿಕಾಪ್ಟರ್ ಉಳಿದವು. ಇವುಗಳ ಜೊತೆಗೆ, ಒಂದು ಗೀರೂ ಬೀಳದಂತೆ, ‘ಜಿ’ ಅಕ್ಷರವೂ ಉಳಿಯಿತು.

ಇದನ್ನು ಓದಿ ಬೇರೆ ಜಿಲ್ಲೆಯವರು ನಗಬಹುದು; ನಾವು ನಗುವ ಹಾಗಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ನಮ್ಮದು ‘ಗೋಲ್ಡ್ ಫೀಲ್ಡ್ಸ್’ ಆಗಿಯೇ ಇದೆ. ಚಿನ್ನ ಹೋಗಿ ಸೈನೈಡ್ ದಿಬ್ಬ ಉಳಿದಿದ್ದರೂ ಫಲಕಕ್ಕೆ ಬಣ್ಣ ಬಳಿಯುವುದನ್ನು ಯಾರೂ ನಿಲ್ಲಿಸಿಲ್ಲ. ಆದರೆ ನಾವು ಆ ಫಲಕವನ್ನು ಕಿತ್ತು ಪಕ್ಕದ ರಾಜ್ಯಕ್ಕೆ ಸಾಗಹಾಕಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಕ್ಷಿಪಣಿಯಿಲ್ಲದ ಕ್ಷಿಪಣಿ ನೌಕೆ ಸುಮ್ಮನೆ ಕೂತಿತ್ತೆಂದಲ್ಲ. 2008ರ ಸೆಪ್ಟೆಂಬರಿನಲ್ಲಿ, ಅರ್ಧ ಮುಳುಗಿ ಸಾಗುವ ಕಳ್ಳಸಾಗಣೆಯ ದೋಣಿಯೊಂದನ್ನು ಪೆಸಿಫಿಕ್ ಸಾಗರದಲ್ಲಿ ಹಿಡಿದ ತಂಡ ಹೊರಟದ್ದು ಇದೇ ಹಡಗಿನಿಂದ. ದೋಣಿಯ ಹೊಟ್ಟೆಯಲ್ಲಿ ಸುಮಾರು 7 ಟನ್ ಕೊಕೇನ್ ಇತ್ತು. ಸಾಗರದಲ್ಲಿ ಅಬಕಾರಿ ಇನ್‌ಸ್ಪೆಕ್ಟರನ ಕೆಲಸ. ಅದನ್ನು ಚೆನ್ನಾಗಿಯೇ ಮಾಡಿತು.

ಕೊನೆಗೆ 2010ರ ಆಗಸ್ಟ್ 31ರಂದು, ಮೂವತ್ತು ದಾಟಿದ ಈ ಹಡಗನ್ನು ಅಮೆರಿಕ ಪಾಕಿಸ್ತಾನಕ್ಕೆ ಒಪ್ಪಿಸಿತು. ದುರಸ್ತಿಯ ಸುಮಾರು 6.5 ಕೋಟಿ ಡಾಲರುಗಳೂ ಕೊಟ್ಟವರದೇ ನೆರವಿನ ಹಣ. ಕಳಚಿದ ತೋಳು ಮಾತ್ರ ಜೊತೆಗೆ ಬರಲಿಲ್ಲ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ ಎಂಬ ಗಾದೆ ಕರಾಚಿಯವರಿಗೂ ಗೊತ್ತಿದ್ದಿರಬೇಕು. ಅವರು ಮೊಳ ಹಾಕುವ ಬದಲು ನಾಮಕರಣ ಮಾಡಿದರು. ಇಟ್ಟ ಹೆಸರು ‘ಆಲಂಗೀರ್’. ಔರಂಗಜೇಬನ ಬಿರುದು ಅದು. ಜಗತ್ತನ್ನೇ ಗೆದ್ದವನು ಎಂದರ್ಥ. ಆ ಹೆಸರೂ ಹೊಸದಲ್ಲ. 1982ರಲ್ಲಿ ಅದೇ ಅಮೆರಿಕದಿಂದ ಬಂದ ‘ಕೋನ್’ ಎಂಬ ಹಳೆಯ ಡೆಸ್ಟ್ರಾಯರ್ ಹಡಗು ಅಷ್ಟು ಹೊತ್ತಿಗಾಗಲೇ ಅದನ್ನು ಬಳಸಿಯಾಗಿತ್ತು.

ಕಳೆದ ವಾರ ನಮ್ಮ ದಲ್ಲಾಳಿಗೆ ಚಹಾ ಕುಡಿಸಿ ಇಷ್ಟನ್ನೂ ವಿವರಿಸಿದೆ. ಅವನು ಲೋಟದ ತಳದ ಚರಟವನ್ನು ಚೆಲ್ಲಿ, ಬೆರಳು ತಿಕ್ಕಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದ: “ಬಿಚ್ಚಿದ ಸಾಮಾನು ಯಾವ ಗುಜರಿಯಲ್ಲಿದೆ ಸ್ವಾಮಿ?”