ಧಣಿಗಳಿಗೆ ಡಾಕ್ಟರಿಕೆ ಬಂದ ವರ್ಷ

2020ರ ಮಾರ್ಚ್‌ನಲ್ಲಿ ಜಗತ್ತಿಗೆ ಡಾಕ್ಟರುಗಳ ಕೊರತೆ ಇತ್ತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇಕಾದಷ್ಟು ಜನ ಇದ್ದರು. ಆಸ್ಪತ್ರೆಯಲ್ಲಿ ಇರಲಿಲ್ಲ ಅಷ್ಟೆ. ಟ್ವಿಟರ್‌ನಲ್ಲಿದ್ದರು, ಟಿವಿ ಸಂದರ್ಶನದಲ್ಲಿದ್ದರು, ಷೇರುದಾರರ ಫೋನ್ ಸಭೆಯಲ್ಲಿದ್ದರು. ಒಬ್ಬರು ಕಾರು ಮಾಡೋರು, ಇನ್ನೊಬ್ಬರು ಬ್ಯಾಂಕ್ ನಡೆಸಿದವರು, ಮತ್ತೊಬ್ಬರು ಪಬ್ ಇಟ್ಟವರು. ವೈರಸ್ ಅರ್ಥ ಮಾಡಿಕೊಳ್ಳೋಕೆ ವೈದ್ಯರಿಗೆ ವರ್ಷಗಟ್ಟಲೆ ಓದಬೇಕು. ಇವರಿಗೆ ಒಂದು ವಾರ ಬಾಗಿಲು ಹಾಕಿಸಿದರೆ ಸಾಕಿತ್ತು, ಪದವಿ ಕೈಗೆ ಬರುತ್ತಿತ್ತು.

ಈ ಬ್ಯಾಚಿನ ರ್‍ಯಾಂಕ್ ವಿದ್ಯಾರ್ಥಿ ಟೆಸ್ಲಾದ ಎಲಾನ್ ಮಸ್ಕ್. ಕೊರೊನಾಗೆ ಗಾಬರಿ ಬೀಳೋದು ಪೆದ್ದುತನ ಅಂತ ಮಾರ್ಚ್ 6ಕ್ಕೇ ಅಪ್ಪಣೆ ಕೊಡಿಸಿದರು. ಮಾರ್ಚ್ 19ಕ್ಕೆ ಭವಿಷ್ಯವನ್ನೂ ನುಡಿದರು. ಈಗಿನ ಗತಿ ನೋಡಿದರೆ ಏಪ್ರಿಲ್ ಕೊನೆಗೆ ಅಮೆರಿಕದಲ್ಲಿ ಹೊಸ ಕೇಸು ಹೆಚ್ಚುಕಮ್ಮಿ ಸೊನ್ನೆ ಅಂತ. ಏಪ್ರಿಲ್ ಕೊನೆಗೆ ಅಲ್ಲಿ ದಿನಕ್ಕೆ 20 ಸಾವಿರಕ್ಕೂ ಜಾಸ್ತಿ ಹೊಸ ಕೇಸು ಬರುತ್ತಿದ್ದವು. ಸೊನ್ನೆಗಳೇನೋ ಸರಿಯಾಗಿಯೇ ಇದ್ದವು. ಎದುರಿಗಿನ ಅಂಕಿಯೊಂದು ಬಿಟ್ಟುಹೋಗಿತ್ತು ಅಷ್ಟೆ.

ಸಣ್ಣಪುಟ್ಟ ಜ್ಯೋತಿಷಿ ಆಗಿದ್ದರೆ ಬೋರ್ಡ್ ಇಳಿಸಿ ಊರು ಬಿಡುತ್ತಿದ್ದ. ಇವರು ದನಿ ಏರಿಸಿದರು. ಏಪ್ರಿಲ್ 29ರಂದು ಕಂಪನಿಯ ಮೂರು ತಿಂಗಳ ಲೆಕ್ಕ ಒಪ್ಪಿಸುವ ಫೋನ್ ಸಭೆ ಇತ್ತು. 1 ಕೋಟಿ 60 ಲಕ್ಷ ಡಾಲರ್ ಲಾಭ ಅಂತ ಹೇಳಿ ಆಯಿತು. ಆಮೇಲೆ ಮಸ್ಕ್ ಶುರು ಹಚ್ಚಿಕೊಂಡರು. ಜನರನ್ನು ಬಲವಂತವಾಗಿ ಮನೆಯೊಳಗೆ ಸೆರೆ ಹಾಕಿದ್ದಾರೆ, ಇದು ಫ್ಯಾಸಿಸಂ ಅಂದರು. ಮಧ್ಯೆ ಒಂದೆರಡು ಬೈಗುಳವೂ ಬಂದವು. ಪಾಪ, ಎಷ್ಟು ಕಾರು ಮಾರಿದ್ರಿ ಅಂತ ಕೇಳೋಕೆ ಬಂದ ಷೇರುಪೇಟೆ ಮಂದಿ ಮಾನವ ಹಕ್ಕುಗಳ ಭಾಷಣ ಕೇಳಿಕೊಂಡು ಹೋದರು.

ಸೆರೆಯಲ್ಲಿದ್ದವರನ್ನು ಬಿಡಿಸಿ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನೋದರಲ್ಲಿ ಮಾತ್ರ ಗೊಂದಲ ಇರಲಿಲ್ಲ. ಸಮುದ್ರ ತೀರಕ್ಕಲ್ಲ, ಅಜ್ಜಿ ಮನೆಗಲ್ಲ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಟೆಸ್ಲಾ ಕಾರ್ಖಾನೆಗೆ. ಆ ಊರು ಸೇರುವ ಅಲಮೀಡಾ ಕೌಂಟಿಯ, ಅಂದರೆ ಜಿಲ್ಲೆಯ, ಆರೋಗ್ಯ ಅಧಿಕಾರಿ ಇನ್ನೂ ಸ್ವಲ್ಪ ತಡೆಯಿರಿ ಅಂದರು. ಮಸ್ಕ್ ಆ ಅಧಿಕಾರಿಯನ್ನು ಯಾರೂ ಆರಿಸದ ಅಜ್ಞಾನಿ ಅಂತ ಬೈದರು, ಕೌಂಟಿ ಮೇಲೆ ಕೇಸು ಹಾಕಿದರು, ಕಚೇರಿಯನ್ನೇ ಟೆಕ್ಸಾಸ್‌ಗೋ ನೆವಾಡಾಕ್ಕೋ ಎತ್ತಿಕೊಂಡು ಹೋಗ್ತೀನಿ ಅಂದರು. ಮೇ 11ರಂದು ಕಾರ್ಖಾನೆ ಬಾಗಿಲು ತೆಗೆದೇಬಿಟ್ಟರು. ಯಾರನ್ನಾದರೂ ಬಂಧಿಸೋದಿದ್ದರೆ ನನ್ನೊಬ್ಬನನ್ನೇ ಬಂಧಿಸಿ ಅಂತ ಟ್ವೀಟ್ ಬೇರೆ. ಉಪ್ಪಿನ ಸತ್ಯಾಗ್ರಹದ ಗಾಳಿ ಬೀಸಿತು. ಬಂಧಿಸೋಕೆ ಮಾತ್ರ ಯಾರೂ ಬರಲಿಲ್ಲ. ಮೇ 20ಕ್ಕೆ ಕೇಸೂ ವಾಪಸ್ ಆಯಿತು. ತಿಂಗಳ ಕೊನೆಗೆ, ಕಂಪನಿಯ ಷೇರು ಬೆಲೆ ಏರಿದ್ದಕ್ಕೆ, ಈ ಸತ್ಯಾಗ್ರಹಿಗೆ 70 ಕೋಟಿ ಡಾಲರ್‌ಗೂ ಮೀರಿದ ಷೇರುಗಳ ಇನಾಮು ಪಕ್ಕಾ ಆಯಿತು.

ಕೆಲಸಕ್ಕೆ ಬರಲು ಹೆದರಿಕೆ ಇದ್ದವರು ಮನೆಯಲ್ಲೇ ಇರಬಹುದು ಅಂತ ಮಸ್ಕ್ ದೊಡ್ಡ ಮನಸ್ಸು ಮಾಡಿದ್ದರು. ಹಾಗೆ ಉಳಿದ ಇಬ್ಬರು, ನಮಗೆ ಕೆಲಸದಿಂದ ತೆಗೆದ ನೋಟಿಸ್ ಬಂತು ಅಂತ ಜೂನ್‌ನಲ್ಲಿ ಪತ್ರಿಕೆಯವರಿಗೆ ಹೇಳಿದರು. ಅವರಿಗೂ ಬಿಡುಗಡೆಯೇ ಸಿಕ್ಕಿತು ಅಲ್ವಾ, ಪೂರ್ತಿಯಾಗಿ.

ನಿಯಮ ಮಾಡಿದವರೇನು ಬೃಹಸ್ಪತಿಗಳಾಗಿರಲಿಲ್ಲ ಬಿಡಿ. ಇಂಗ್ಲೆಂಡಿನಲ್ಲಿ ಪಬ್‌ಗಳನ್ನು ರಾತ್ರಿ 10ಕ್ಕೆ ಮುಚ್ಚಿಸಿದರು. ವೈರಸ್ಸಿನ ಕೈಯಲ್ಲಿ ವಾಚ್ ಇದೆ ಅಂತ ಯಾರು ಹೇಳಿದ್ದರೋ ಗೊತ್ತಿಲ್ಲ. ಆ ಡಿಸೆಂಬರ್‌ನಲ್ಲಿ ಇನ್ನೊಂದು ಆಜ್ಞೆ ಬಂತು. ಅಲ್ಲಿನ ಬಹುಪಾಲು ಊರುಗಳಲ್ಲಿ ಹೊಟ್ಟೆ ತುಂಬುವ ಊಟದ ಜೊತೆಗಾದರೆ ಮಾತ್ರ ಪಬ್‌ನಲ್ಲಿ ಮದ್ಯ. ಸರಿ, ಸ್ಕಾಚ್ ಎಗ್ ಅಂದರೆ ಊಟವೋ ಅಲ್ಲವೋ? ಮಾಂಸದ ಹೊದಿಕೆಯೊಳಗೆ ಒಂದು ಬೇಯಿಸಿದ ಮೊಟ್ಟೆ, ಅಷ್ಟೇ ಅದು. ಒಬ್ಬ ಸಚಿವರು ಊಟ ಇರಬಹುದು ಅಂದರು. ಇನ್ನೊಬ್ಬರು ಎರಡು ತಿಂದರೂ ಸ್ಟಾರ್ಟರ್ರೇ ಅಂದರು, ಅದೇ ದಿನ ಮನಸ್ಸು ಬದಲಿಸಿ ಊಟವೇ ಅಂದರು. ಇಂಥ ಸರ್ಕಾರ ಎದುರಿಗಿದ್ದರೆ ಯಾವ ಧಣಿಗಾದರೂ ಬಾಯಿ ಬಂದೇ ಬರುತ್ತೆ.

ಆದರೆ ಅಲ್ಲಿನ ವೆದರ್‌ಸ್ಪೂನ್ ಪಬ್‌ಗಳ ಧಣಿ ಟಿಮ್ ಮಾರ್ಟಿನ್ ಅವರಿಗೆ ಮೊಟ್ಟೆಗಿಂತ ಮೊದಲೇ ಬಾಯಿ ಬಂದಿತ್ತು. ಮಾರ್ಚ್‌ನಲ್ಲೇ, ಪಬ್‌ಗಳಲ್ಲಿ ವೈರಸ್ ಹರಡಿದ್ದೇ ಇಲ್ಲ ಅನ್ನುವಷ್ಟು ಕಡಿಮೆ ಅಂದರು. ಪಬ್ ಮುಚ್ಚಿದ ಮೇಲೆ 40 ಸಾವಿರ ನೌಕರರಿಗೆ ವಿಡಿಯೊ ಸಂದೇಶ ಕಳಿಸಿದರು. ಟೆಸ್ಕೋ ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಸಿಕ್ಕರೆ ಯೋಚನೆ ಮಾಡಿ, ನನಗೆ ಅರ್ಥ ಆಗುತ್ತೆ ಅಂತ. ನಮ್ಮ ಬಜಾಜ್ ಆಟೊದ ರಾಜೀವ್ ಬಜಾಜ್ ಮಾತ್ರ, ಲಾಕ್‌ಡೌನ್ ಹಾಕಿ ಸರ್ಕಾರ ಮಟ್ಟಸ ಮಾಡಿದ್ದು ಸೋಂಕಿನ ರೇಖೆಯನ್ನಲ್ಲ, ಜಿಡಿಪಿ ರೇಖೆಯನ್ನು ಅಂದರು. ಈ ಗುಂಪಿನಲ್ಲಿ ಲೆಕ್ಕ ಸರಿಯಾಗಿ ಓದಿದವರು ಇವರೊಬ್ಬರೇ ಅನ್ಸುತ್ತೆ.

ಅತ್ಯಂತ ಪ್ರಾಮಾಣಿಕರು ಯಾರು ಅಂದರೆ ವೆಲ್ಸ್ ಫಾರ್ಗೊ ಬ್ಯಾಂಕಿನ ಮಾಜಿ ಮುಖ್ಯಸ್ಥ ಡಿಕ್ ಕೊವಾಸೆವಿಚ್. ಜನರನ್ನು ನಿಧಾನವಾಗಿ ಕೆಲಸಕ್ಕೆ ಕರೆಸೋಣ, ಏನಾಗುತ್ತೋ ನೋಡೋಣ ಅಂದರು. ಕೆಲವರಿಗೆ ಕಾಯಿಲೆ ಬರುತ್ತೆ, ಕೆಲವರು ಸತ್ತರೂ ಸಾಯಬಹುದು, ನನಗೆ ಗೊತ್ತಿಲ್ಲ ಅಂತಲೂ ಸೇರಿಸಿದರು. ಈ 'ನನಗೆ ಗೊತ್ತಿಲ್ಲ' ಅನ್ನೋದು ಆ ವರ್ಷ ಧಣಿಗಳ ಬಾಯಿಂದ ಬಂದ ಅಪರೂಪದ ವೈಜ್ಞಾನಿಕ ಹೇಳಿಕೆ.

ಏನಾಗುತ್ತೋ ನೋಡೋಣ ಅನ್ನೋದನ್ನು ಅಕ್ಷರಶಃ ಮಾಡಿದವರೂ ಇದ್ದರಂತೆ. ಅಮೆರಿಕದ ಅಯೋವಾ ರಾಜ್ಯದ ವಾಟರ್‌ಲೂನಲ್ಲಿ ಟೈಸನ್ ಕಂಪನಿಯ ಹಂದಿಮಾಂಸದ ಕಾರ್ಖಾನೆಯಿದೆ. ಕೆಲಸಗಾರರು ಸುಮಾರು 2,800 ಜನ. ಸಾವಿರಕ್ಕೂ ಹೆಚ್ಚು ಮಂದಿಗೆ ಸೋಂಕು. ಏಪ್ರಿಲ್ 26ರಂದು ಕಂಪನಿಯ ಅಧ್ಯಕ್ಷರು ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು, ದೇಶದ ಆಹಾರ ಪೂರೈಕೆಯ ಸರಪಳಿ ಮುರಿಯುತ್ತಿದೆ ಅಂತ ಅಲವತ್ತುಕೊಂಡರು. ಎರಡೇ ದಿನದಲ್ಲಿ ಟ್ರಂಪ್ ಆದೇಶ ಬಂತು: ಮಾಂಸದ ಕಾರ್ಖಾನೆಗಳು ನಡೆಯಲೇಬೇಕು. ಆಮೇಲೆ ಸತ್ತವರ ಮನೆಯವರು ಕೋರ್ಟಿಗೆ ಹೋದರು. ಎಷ್ಟು ಜನಕ್ಕೆ ಸೋಂಕು ತಗಲುತ್ತೆ ಅಂತ ಮ್ಯಾನೇಜರ್‌ಗಳು ದುಡ್ಡು ಹಾಕಿ ಬಾಜಿ ಕಟ್ಟಿದ್ದರು, ಗೆದ್ದವನಿಗೆ ಪೂರ್ತಿ ಹಣ ಅಂತ ಆರೋಪಿಸಿದರು. ಕಂಪನಿ ತನಿಖೆ ಮಾಡಿಸಿ ಡಿಸೆಂಬರ್‌ನಲ್ಲಿ ಏಳು ಜನ ಮ್ಯಾನೇಜರ್‌ಗಳನ್ನು ಮನೆಗೆ ಕಳಿಸಿತು.

ಮತ್ತೆ ನಮ್ಮ ರ್‍ಯಾಂಕ್ ವಿದ್ಯಾರ್ಥಿಯ ವಿಷಯಕ್ಕೆ ಬರೋಣ. 2022ರಲ್ಲಿ ಶಾಂಘೈಗೆ ಲಾಕ್‌ಡೌನ್ ಬಂತು. ಕ್ಯಾಲಿಫೋರ್ನಿಯಾದ್ದು ಅದರ ಮುಂದೆ ಮಕ್ಕಳಾಟ. ಶಾಂಘೈನ ಟೆಸ್ಲಾ ಕಾರ್ಖಾನೆ ಸುಮಾರು ಮೂರು ವಾರ ಮುಚ್ಚಿ, ಏಪ್ರಿಲ್ 19ಕ್ಕೆ ಮತ್ತೆ ತೆರೆಯಿತು. ಷರತ್ತು ಒಂದೇ, ಒಳಗೆ ಹೋದವರು ಹೊರಗೆ ಬರುವ ಹಾಗಿಲ್ಲ. ಪ್ರತಿಯೊಬ್ಬರಿಗೂ ಒಂದು ಹಾಸಿಗೆ, ಒಂದು ಸ್ಲೀಪಿಂಗ್ ಬ್ಯಾಗ್. 12 ಗಂಟೆ ಕೆಲಸ, ಆಮೇಲೆ ನೆಲದ ಮೇಲೆ ನಿದ್ದೆ.

ಮೇ 10ರಂದು ಮಸ್ಕ್ ಒಂದು ಸಂದರ್ಶನಕ್ಕೆ ಕೂತರು. ಚೀನಾ ಸರ್ಕಾರದ ಜೊತೆ ಮಾತಾಡಿದ್ದೀನಿ, ಲಾಕ್‌ಡೌನ್ ಬೇಗ ಸಡಿಲ ಆಗ್ತಿದೆ, ದೊಡ್ಡ ತೊಂದರೆ ಏನಿಲ್ಲ ಅಂದರು. ಬೈಗುಳ ಇಲ್ಲ, ಕೇಸಿಲ್ಲ, ನನ್ನನ್ನು ಬಂಧಿಸಿ ಅನ್ನೋ ಸವಾಲೂ ಇಲ್ಲ. ಚೀನಾದ ಕೆಲಸಗಾರರು ಬೆಳಗಿನ ಜಾವ ಮೂರರವರೆಗೂ ದುಡೀತಾರೆ, ಕಾರ್ಖಾನೆ ಬಿಟ್ಟು ಹೋಗೋದೇ ಇಲ್ಲ ಅಂತ ಹೊಗಳಿದರು. ಅಮೆರಿಕದವರೋ, ಕೆಲಸಕ್ಕೆ ಹೋಗೋದನ್ನೇ ತಪ್ಪಿಸಿಕೊಳ್ಳೋಕೆ ನೋಡ್ತಾರೆ ಅಂತ ಬೇಜಾರು ಮಾಡಿಕೊಂಡರು. ಎರಡು ವರ್ಷದ ಹಿಂದೆ ಮನೆಯೊಳಗೆ ಸೆರೆ ಸಿಕ್ಕಿದ್ದವರು ಇವರೇ.