ಅಮ್ಮ ಓದುವ ಭಾಷೆ, ಅಮ್ಮ ಆಡುವ ಭಾಷೆ

ನಮ್ಮ ಮಹಡಿಮನೆಯಲ್ಲಿ ಬಾಡಿಗೆಗಿರುವ ಹುಡುಗಿ ನಾಗಾಲ್ಯಾಂಡಿನ ಮೊಕೊಕ್‌ಚುಂಗ್ ಜಿಲ್ಲೆಯವಳು. ಊರಲ್ಲಿರುವ ಅಮ್ಮನಿಗೆ ಯಾವತ್ತೂ ವಾಯ್ಸ್ ಮೆಸೇಜೇ ಕಳಿಸುತ್ತಾಳೆ. ಅಮ್ಮನಿಗೆ ಓದು ಬಾರದೇನೋ ಅಂದುಕೊಂಡಿದ್ದೆ. "ಅಮ್ಮ ದಿನಾ ಬೈಬಲ್ ಓದ್ತಾರೆ ಆಂಟಿ. ಆದ್ರೆ ಅದು ಚುಂಗ್ಲಿ. ಮನೇಲಿ ನಾವು ಆಡೋದು ಮೊಂಗ್ಸೆನ್. ಅದನ್ನ ಬರೆದು ಅಭ್ಯಾಸಾನೇ ಇಲ್ಲ" ಅಂದಳು.

ಅವತ್ತಿನವರೆಗೆ ನಾನು "ನಿಮ್ಮ ನಾಗಾ ಭಾಷೆ" ಅಂತಲೇ ಮಾತಾಡಿಸುತ್ತಿದ್ದೆ. ಅಂಥದ್ದೊಂದು ಭಾಷೆಯೇ ಇಲ್ಲ. ಆವೊ, ಅಂಗಾಮಿ, ಲೋಥಾ, ಸುಮಿ, ಕೊನ್ಯಾಕ್ ಎಲ್ಲ ಬೇರೆ ಬೇರೆ ಭಾಷೆಗಳು, ಒಬ್ಬರದ್ದು ಇನ್ನೊಬ್ಬರಿಗೆ ತಿಳಿಯದು. ಸಂತೆಯಲ್ಲಿ ಎದುರಾದರೆ ಅಸ್ಸಾಮಿಯಿಂದ ಬೆಳೆದ ನಾಗಾಮೀಸ್, ಕಚೇರಿಯಲ್ಲಿ ಇಂಗ್ಲಿಷ್. ಆವೊ ಆಡುವವರೇ 2011ರ ಜನಗಣತಿಯಲ್ಲಿ ಸುಮಾರು 2.6 ಲಕ್ಷ. ಚುಂಗ್ಲಿ, ಮೊಂಗ್ಸೆನ್ ಎರಡೂ ಆ ಆವೊದ ಒಳಗಿನ ಬೇರೆ ಬೇರೆ ರೂಪಗಳು. ಮೊಂಗ್ಸೆನ್ ಮಂದಿಗೆ ಸಾಮಾನ್ಯವಾಗಿ ಚುಂಗ್ಲಿ ಬರುತ್ತದೆ. ಚುಂಗ್ಲಿಯವರಿಗೆ ಮೊಂಗ್ಸೆನ್ ಕಲಿಯುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಇದಕ್ಕೆ ಕಾರಣ ಹುಡುಕಿದರೆ ಒಂದು ಊರಿಗೆ ಹೋಗಿ ಮುಟ್ಟುತ್ತೇವೆ. ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಎಡ್ವಿನ್ ಕ್ಲಾರ್ಕ್ 1872ರಲ್ಲಿ ಅಸ್ಸಾಮಿನ ಶಿವಸಾಗರದ ಕಡೆಯಿಂದ ಗುಡ್ಡ ಹತ್ತಿ ಬಂದದ್ದು ಮೊಲುಂಗ್‌ಕಿಮೊಂಗ್‌ಗೆ. ಅಲ್ಲಿಯವರ ಮಾತು ಚುಂಗ್ಲಿ. ರೋಮನ್ ಅಕ್ಷರದಲ್ಲಿ ಮೊದಲು ಬರಹಕ್ಕೆ ಇಳಿದದ್ದು ಅದೇ. ಆಮೇಲೆ ಪ್ರಾರ್ಥನೆ, ಶಾಲೆಯ ಪುಸ್ತಕ ಎಲ್ಲವೂ ಅದರಲ್ಲೇ ಬಂದವು. ಆತ ಮೊದಲು ಮೊಂಗ್ಸೆನ್ ಊರೊಂದರಲ್ಲಿ ಬಿಡಾರ ಹೂಡಿದ್ದರೆ ಈ ಹುಡುಗಿ ಇವತ್ತು ಅಮ್ಮನಿಗೆ ಟೈಪ್ ಮಾಡುತ್ತಿದ್ದಳೇನೋ!

ಆವೊ ಜನರಲ್ಲಿ ಒಂದು ಕಥೆಯಿದೆ. ಹಿಂದೆ ಅವರಿಗೂ ಲಿಪಿ ಇತ್ತಂತೆ, ತೊಗಲಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದ್ದರಂತೆ, ನಾಯಿ ಅದನ್ನು ಎಳೆದು ತಿಂದುಬಿಟ್ಟಿತಂತೆ. ಅಲ್ಲಿಂದ ಎಲ್ಲವೂ ಬಾಯಿಂದ ಬಾಯಿಗೆ. ಆ ಬಾಯಿಮಾತಿನಲ್ಲಿ ಸ್ವರದ ಏರಿಳಿತಕ್ಕೇ ಅರ್ಥ ಬದಲಾಗುತ್ತದೆ. ಎತ್ತರ, ನಡು, ತಗ್ಗು, ಹೀಗೆ ಮೂರು ಮಟ್ಟ. ರೂಢಿಯ ರೋಮನ್ ಬರಹದಲ್ಲಿ ಇದಕ್ಕೆ ಗುರುತೇ ಇಲ್ಲ, ಓದುವವರೇ ಸಂದರ್ಭ ನೋಡಿ ಸರಿಮಾಡಿಕೊಳ್ಳಬೇಕು.

ಬರಹಕ್ಕೆ ಒಂದು ರೂಪ ಬೇಕು, ಒಪ್ಪುತ್ತೇನೆ. ಚುಂಗ್ಲಿ ಇಲ್ಲದಿದ್ದರೆ ಆವೊ ಪುಸ್ತಕಗಳು ಇಷ್ಟು ಬೇಗ ಬರುತ್ತಿರಲಿಲ್ಲ. ಆದರೆ ಮೊಂಗ್ಸೆನ್ ಮಕ್ಕಳ ಕೈಗೆ ತಮ್ಮ ಮನೆಮಾತಿನ ನಾಲ್ಕು ಪುಟವಾದರೂ ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ಕುಂದಾಪ್ರದವಳು. ಶಾಲೆಯಲ್ಲಿ "ಹ್ವಾಯ್" ಅಂದದ್ದಕ್ಕೆ ಬೈಸಿಕೊಂಡವಳು. ಈಗ ನಮ್ಮವರು ಫೇಸ್‌ಬುಕ್‌ನಲ್ಲೇ ಕುಂದಾಪ್ರ ಕನ್ನಡ ಬರೆಯುವುದನ್ನು ಓದುವಾಗ ಆಗುವ ಸಂತೋಷ ಎಂಥದ್ದು ಅಂತ ನನಗೆ ಗೊತ್ತು.

ಇದನ್ನೇ ಅವಳಿಗೂ ಹೇಳಿದೆ. ಮೊನ್ನೆ ಭಾನುವಾರ ಅಮ್ಮನಿಗೆ ಮೊಂಗ್ಸೆನ್‌ನಲ್ಲಿ ಎರಡು ಸಾಲು ಟೈಪ್ ಮಾಡಿ ಕಳಿಸಿದ್ದಾಳೆ. ಅಮ್ಮ ಗಟ್ಟಿಯಾಗಿ ಓದಿ, ಅದನ್ನೇ ವಾಯ್ಸ್ ಮೆಸೇಜ್ ಮಾಡಿ ವಾಪಸ್ ಕಳಿಸಿದ್ದಾರೆ.