ಕಾಜಿರಂಗಕ್ಕೆ ಪ್ರವಾಹ ಶತ್ರುವೇ?

ಪ್ರತಿ ಮಳೆಗಾಲದಲ್ಲೂ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: "ಪ್ರವಾಹದಿಂದ ಕಾಜಿರಂಗ ನಾಶವಾಗುತ್ತಿದೆ. ಗೋಡೆ ಕಟ್ಟಿ ನೀರು ತಡೆದರೆ ಘೇಂಡಾಮೃಗಗಳು ಉಳಿಯುತ್ತವೆ."

ಸತ್ಯಾಂಶ: ಅಸ್ಸಾಮಿನ ಈ ರಾಷ್ಟ್ರೀಯ ಉದ್ಯಾನದ ಕಾಡನ್ನು ಮಾಡಿದ್ದೇ ಬ್ರಹ್ಮಪುತ್ರದ ಪ್ರವಾಹ.

ನೀರು ಉಕ್ಕಿದಾಗ ಹೊಸ ಮೆಕ್ಕಲು ಮಣ್ಣು ಬರುತ್ತದೆ. ಅಲ್ಲಿ 'ಬೀಲ್' ಅನ್ನುವ ಕೆರೆಗಳು ತುಂಬುತ್ತವೆ, ಮೀನು ಒಳಗೆ ಬರುತ್ತವೆ, ಕೆರೆ ಮುಚ್ಚಿಕೊಂಡ ಅಂತರಗಂಗೆ ಕಳೆ ಕೊಚ್ಚಿಹೋಗುತ್ತದೆ. ಮುಖ್ಯವಾಗಿ, ಹುಲ್ಲುಗಾವಲು ಉಳಿಯುತ್ತದೆ. ಪ್ರವಾಹ ಬರುವುದೇ ನಿಂತುಹೋದರೆ ಬೂರುಗದಂಥ ಮರಗಳು ನಿಧಾನಕ್ಕೆ ಹುಲ್ಲಿನ ಜಾಗ ಹಿಡಿಯುತ್ತವೆ. ಬೂರುಗ ನಮಗೂ ಗೊತ್ತಿರುವ ಮರವೇ ಅಲ್ವಾ! ಆದರೆ ಘೇಂಡಾಮೃಗಕ್ಕೆ ಬೇಕಿರೋದು ಹುಲ್ಲು. ನೀರಿಳಿದ ಮೇಲೆ ಬೂದು ಕೆಸರಿನಿಂದ ಎಳೆ ಚಿಗುರು ಏಳುತ್ತದೆ. ಘೇಂಡಾಮೃಗ ಮೇಲ್ದುಟಿಯನ್ನು ಬೆರಳಿನ ಹಾಗೆ ಸುತ್ತಿ ಅದನ್ನು ಕಿತ್ತು ತಿನ್ನುತ್ತದೆ. 2022ರ ಗಣತಿಯಲ್ಲಿ ಅಲ್ಲಿ 2,613 ಘೇಂಡಾಮೃಗಗಳಿದ್ದವು.

ಹಾಗಂತ ಪ್ರಾಣಿಗಳ ಸಾವು ಸುಳ್ಳಲ್ಲ. ದೊಡ್ಡ ಪ್ರವಾಹದಲ್ಲಿ ನೂರಾರು ಪ್ರಾಣಿಗಳು ಸತ್ತದ್ದಿದೆ, ಅದರಲ್ಲೂ ಹಂದಿಜಿಂಕೆ ಅನ್ನುವ ಸಣ್ಣ ಜಿಂಕೆಗಳೇ ಜಾಸ್ತಿ. ಸತ್ತ ಪ್ರಾಣಿಗಳ ಫೋಟೊ ನೋಡಿದರೆ ಯಾರಿಗಾದರೂ ಸಂಕಟವಾಗುತ್ತದೆ. ಆದರೆ ನೀರು ಏರಿದಾಗ ಪ್ರಾಣಿಗಳು ಸುಮ್ನೆ ನಿಲ್ಲುವುದಿಲ್ಲ. ದಕ್ಷಿಣದ ಕಾರ್ಬಿ ಆಂಗ್‌ಲಾಂಗ್ ಬೆಟ್ಟಗಳತ್ತ ಹೊರಡುತ್ತವೆ. ನಡುವೆ ಹೆದ್ದಾರಿ ಇದೆ. ಜಿಂಕೆಗಳು ವಾಹನಕ್ಕೆ ಸಿಗುವುದು ಅಲ್ಲೇ. ಆದ್ದರಿಂದಲೇ ಪ್ರವಾಹದ ದಿನಗಳಲ್ಲಿ ಅಲ್ಲಿ ವಾಹನಗಳ ವೇಗಕ್ಕೆ ಮಿತಿ ಹಾಕುತ್ತಾರೆ. ಉದ್ಯಾನದೊಳಗೆ ಪ್ರಾಣಿಗಳು ನಿಲ್ಲಲು ಮಣ್ಣಿನ ಎತ್ತರದ ದಿಬ್ಬಗಳನ್ನೂ ಕಟ್ಟಿದ್ದಾರೆ. ಗೋಡೆಗಿಂತ ಮೊದಲು ಕೇಳಬೇಕಾದ್ದು ಬೆಟ್ಟಕ್ಕೆ ಹೋಗುವ ಆ ದಾರಿಗಳನ್ನು.